ಎರಿ ಮಣ್ಣಿನ ಹಿತ್ತಲದಾಗ ಬೀಜದಿಂದ ಕಾಯಿಪಲ್ಲೆ ಬೆಳಿಯೋದು ಹೆಂಗ

ನಾವು ಹುಬ್ಬಳ್ಳಿ ನವನಗರಕ್ಕ ಮನಿ ಮಾಡಿಕೊಂಡು ಬಂದಾಗ ಹಿಂದ 20 ಫೂಟು ಉದ್ದ 12 ಫೂಟು ಅಗಲದ್ದು ಒಂದು ಹಿತ್ತಲ ಸಿಕ್ತು, ಪೂರಾ ಎರಿ ಮಣ್ಣು, ಅಂದ್ರ ಕರಿ ಮಣ್ಣು. ಮಿರಗದ ಮಳಿ ಶುರು ಆಗಿತ್ತು, ಇನ್ನೇನ ಬೇಕು ಅಂತ ಬೆಂಡಿ, ಚವಳಿ, ಹೀರಿ, ಟಮಾಟಿ ನಾಕೂ ಪಾಕೀಟ ತಂದು ಒಂದ ದಿವ್ಸದಾಗ ಎಲ್ಲಾ ಹಾಕಿದೆ, ಮುಂಜಾನೆ ಒಂದ ಸಲ ಸಂಜಿಕ ಒಂದ ಸಲ ನೀರೂ ಹಾಕಿದೆ, ಮಳಿ ಬಂದ ದಿವ್ಸನೂ ಬಿಡಲಿಲ್ಲ. 12 ದಿವ್ಸ ಆದ್ರೂ ಒಂದೂ ಮ್ಯಾಲ ಬರಲಿಲ್ಲ. ಬೀಜನ ಸುಳ್ಳ ಅದಾವು ಅಂತ ತಿಳಕೊಂಡೆ. ಆದ್ರ ಅದ ಪಾಕೀಟಿನ ಅರ್ಧಾ ಬೀಜ ನಮ್ಮ ತಂಗಿ ಧಾರವಾಡಕ್ಕ ಒಯ್ದಿದ್ಲು, ಅಕಿ ಮನಿ ಕೆಲಗೇರಿ ಕಡೆ, ಅಲ್ಲಿ ಕೆಂಪು ಮಣ್ಣು, 5ನೇ ದಿವ್ಸಕ್ಕ ಬೆಂಡಿ ಎದ್ದು ನಿಂತಾವ ನೋಡು ಅಂತ ಫೋಟೊ ಕಳಿಸಿದ್ಲು. ಆಗ ನಾನು ಮಣ್ಣು ಕೆದರಿ ನೋಡಿದೆ. ಬೀಜ ಮೆತ್ತಗಾಗಿ ಲೋಳಿ ಲೋಳಿ ಆಗಿದ್ವು, ಹಳಸಿದ ವಾಸನಿ ಬರ್ತಿತ್ತು.

ಬಾಜೂ ಮನಿ ಅಕ್ಕಾರು ಬಂದು ನೋಡಿ ಒಂದ ಮಾತು ಹೇಳಿದ್ರು, ಬೀಜಕ್ಕ ನೀರಷ್ಟ ಸಾಲಂಗಿಲ್ಲವಾ, ಅದಕ್ಕ ಉಸಿರೂ ಬೇಕು ಅಂತ. ಅವತ್ತಿಂದ ಇವತ್ತಿನ ತನಕ ನಾನು ಬೀಜ ಹಾಕುವಾಗ ಮೊದ್ಲು ನೆನಸೋದು ಆ ಮಾತು. ಒಣಗಿದ ಬೀಜ ನಿದ್ದಿ ಮಾಡ್ತಿರತೈತಿ, ನೀರು ಕುಡದು ಉಬ್ಬಿದ ಕೂಡ್ಲೆ ಒಳಗಿನ ಜೀವ ಎದ್ದು ಜೋರಾಗಿ ಉಸಿರಾಡಾಕ ಶುರು ಮಾಡತೈತಿ, ಆಗ ಅದಕ್ಕ ಗಾಳಿ ಸಿಗಬೇಕು. ನಮ್ಮ ಎರಿ ಮಣ್ಣಿನ ಕಣ ಭಾಳ ಅಂದ್ರ ಭಾಳ ಸಣ್ಣ, ನೀರು ಕುಡದು ಉಬ್ಬತೈತಿ, ಉಬ್ಬಿದ ಮ್ಯಾಲ ಗಾಳಿ ಹೋಗೋ ಸಂದಿ ಎಲ್ಲಾ ಮುಚ್ಚಿ ಹೋಗತಾವು. ಬ್ಯಾಸಗಿಯಾಗ ಅದ ಮಣ್ಣು ಕುಗ್ಗಿ ಕೈ ಹೋಗುವಷ್ಟು ಬಿರಕ ಬಿಡತೈತಿ, ನವಲಗುಂದ, ಅಣ್ಣಿಗೇರಿ, ಗದಗ ಕಡೆ ಹೊಲ ನೋಡಿದವರಿಗೆ ಇದು ಹೇಳೋದ ಬ್ಯಾಡ. ದೊಡ್ಡ ಗಿಡಕ್ಕ ಇದರಂಥ ಮಣ್ಣು ಮತ್ತೊಂದಿಲ್ಲ, ನೀರು ಹಿಡಕೊಂಡು ಕೂಡ್ತೈತಿ, ಸಾರಾನೂ ಐತಿ, ಮಳಿ ಕೈ ಕೊಟ್ರೂ ಕಡ್ಲಿ, ಬಿಳಿ ಜೋಳ ಬರೋದು ಇದರಾಗ. ಆದ್ರ ಕೂಸಿನಂಥ ಸಣ್ಣ ಬೀಜಕ್ಕ ಇದು ಭಾರ ಆಗತೈತಿ. ಹಂಗಾಗಿ ನನ್ನ ಪದ್ಧತಿ ಏನಂದ್ರ ಸಸಿ ಮಾಡಿ ಹಚ್ಚೋ ಬೀಜಾನ ಸಸಿ ಆಗೋ ತನಕ ಎರಿ ಮಣ್ಣಿಂದ ದೂರ ಇಡೋದು, ಗಟ್ಟಿ ಆದ ಮ್ಯಾಲ ಅದರ ಕೈಗೆ ಕೊಡೋದು.

ಈಗ ಬೀಜದ ಮಾತು. ಪಾಕೀಟ ತಗೊಳ್ಳೋ ಮುಂದ ಹಿಂದ ತಿರಗಿಸಿ ಓದ್ರಿ, ಪರೀಕ್ಷೆ ಮಾಡಿದ ದಿನಾಂಕ, ಅವಧಿ ಮುಗಿಯೋ ದಿನಾಂಕ, ಮೊಳಕೆ ಪ್ರಮಾಣ ಮೂರೂ ಬರದಿರತಾರ. ಸರ್ಕಾರದ ಪ್ರಮಾಣದ ಪ್ರಕಾರ ಟಮಾಟಿ ಬದನಿಗೆ ಕಡಿಮಿ ಅಂದ್ರೂ 100ಕ್ಕ 70, ಬೆಂಡಿಗೆ 65, ಮೆಣಸಿನಕಾಯಿಗೆ 60 ಮೊಳಿಬೇಕು. ಬಿಸಲಿಗೆ ತೂಗ ಹಾಕಿದ ಪಾಕೀಟ ತಗೋಬ್ಯಾಡ್ರಿ, ದಿನಾಂಕ ಇದ್ರೂ ಒಳಗಿನ ಬೀಜ ಸುಟ್ಟಿರತಾವು, ನಾನು ಒಂದು ಅಂಗಡಿಯಾಗ ಹಂಗ ತಂದು 20 ಬದನಿ ಬೀಜದಾಗ 3 ಅಷ್ಟ ಎದ್ದಿದ್ವು. ಗುಲಾಬಿ ಬಣ್ಣನೋ ನೀಲಿ ಬಣ್ಣನೋ ಬಳದ ಬೀಜ ಇದ್ರ ಅದು ಔಷಧ ಹಚ್ಚಿದ್ದು, ಸಣ್ಣ ಹುಡುಗ್ರ ಕೈಗೆ ಕೊಡಬ್ಯಾಡ್ರಿ, ಹಾಕಿದ ಮ್ಯಾಲ ಸಾಬೂನು ಹಚ್ಚಿ ಕೈ ತೊಳ್ಕೋರಿ.

ಎಲ್ಲಿ ತರೋದು ಅಂತ ಭಾಳ ಮಂದಿ ಕೇಳ್ತಾರ. ಧಾರವಾಡದ ಕೃಷಿ ವಿಶ್ವವಿದ್ಯಾಲಯ 1986ರಾಗ ಶುರು ಆದದ್ದು, ಅಲ್ಲಿ ಬೀಜ ಘಟಕ ಐತಿ, ವರ್ಷಾ ನಡಿಯೋ ಕೃಷಿ ಮೇಳದಾಗ ಬೀಜದ್ದ ಒಂದು ಮೇಳ ಇರತೈತಿ, ಅಲ್ಲಿ ಹೋದ್ರ ಕೇಳಿ ತಿಳಕೊಂಡು ತರಬಹುದು. ಕೃಷಿ ವಿಜ್ಞಾನ ಕೇಂದ್ರ ಧಾರವಾಡದ್ದು ಸೈದಾಪುರದಾಗ, ಗದಗದವರಿಗೆ ಹುಲಕೋಟಿಯಾಗ, ಹಾವೇರಿಯವರಿಗೆ ರಾಣೆಬೆನ್ನೂರು ತಾಲೂಕಿನ ಹನುಮನಮಟ್ಟಿಯಾಗ ಐತಿ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಮಾಡಿದ ತಳಿಗೆ ಅರ್ಕಾ ಅಂತ ಹೆಸರು ಇರತೈತಿ, ಬೆಂಡಿಯಾಗ ಅರ್ಕಾ ಅನಾಮಿಕಾ, ಟಮಾಟಿಯಾಗ ಅರ್ಕಾ ವಿಕಾಸ್ ಮನಿ ಹಿತ್ತಲಕ್ಕ ಅಗದಿ ಬರೊಬ್ಬರಿ.

ಎಫ್ 1 ಹೈಬ್ರಿಡ್, ಅಂದ್ರ ಎರಡ ಬ್ಯಾರೆ ತಳಿ ಕೂಡಿಸಿ ಮಾಡಿದ್ದು, ಅಂತ ಬರದದ್ದು ಯಾಕ ತುಟ್ಟಿ ಇರತೈತಿ ಅನ್ನೋದು ನಮ್ಮ ಕಡೆಯವರಿಗೆ ಗೊತ್ತಿರಬೇಕು, ಯಾಕಂದ್ರ ಅದನ್ನ ಮಾಡೋ ಕೈ ನಮ್ಮ ಕಡೆಯವ. ರಾಣೆಬೆನ್ನೂರು, ಹಾವೇರಿ ಸುತ್ತಮುತ್ತ ನೆಟ್ ಹೌಸಿನಾಗ ಹೆಣ್ಮಕ್ಕಳು ಒಂದೊಂದ ಮೊಗ್ಗು ಬಿಚ್ಚಿ ಗಂಡು ಕೇಸರ ಚಿಮಟಿಗಿಯಿಂದ ಕಿತ್ತು, ಮತ್ತ ಬ್ಯಾರೆ ಗಿಡದ ಪರಾಗ ತಂದು ಹಚ್ಚತಾರ, ಹಿಂಗ ಸಾವಿರಾರು ಹೂವಿಗೆ. ಆ ಬೀಜದಿಂದ ಬಂದ ಗಿಡ ಫಸಲು ಭಾಳ ಕೊಡತೈತಿ, ಖರೆ, ಆದ್ರ ಅದರ ಕಾಯಿಂದ ನೀವು ಬೀಜ ತಗದ್ರ ಮುಂದಿನ ವರ್ಷ ಒಂದೊಂದ ಗಿಡ ಒಂದೊಂದ ನಮೂನಿ ಬರತಾವು. ಹಿತ್ತಲಕ್ಕ ನಾನು ಹೈಬ್ರಿಡ್ ತರಂಗಿಲ್ಲ. ಮಾರೋ ರೈತಗ 100 ಗಿಡ ಒಂದ ಸಲ ಕಾಯಿ ಬಿಟ್ರ ಲಾಭ, ನಮಗ ಹಂಗಲ್ಲ, ದಿನಾ ಪಲ್ಲೆಗೆ ಆಗುವಷ್ಟು ಸ್ವಲ್ಪ ಸ್ವಲ್ಪ ಭಾಳ ದಿವ್ಸ ಬರಬೇಕು, ಬೀಜನೂ ಮನಿಯಾಗ ಉಳಿಬೇಕು.

ಹಳೇ ಬೀಜ, ಯಾರರೆ ಕೊಟ್ಟ ಬೀಜ ಇದ್ರ ಮೊದ್ಲು ಪರೀಕ್ಷೆ ಮಾಡ್ರಿ. 10 ಬೀಜ ಎಣಿಸಿ ಹಸಿ ಅರಬಿಯಾಗ ಸುತ್ತಿ ಒಂದು ಡಬ್ಬಿಯಾಗ ಹಾಕಿ ಅಡಗಿ ಮನಿಯಾಗ ಇಡ್ರಿ, ಅರಬಿ ಹಿಂಡಿದ್ರ ನೀರು ತೊಟ್ಟಿಕ್ಕಬಾರ್ದು ಅಷ್ಟ ಹಸಿ. ಬೆಂಡಿ, ಸೌತಿ 4-5 ದಿವ್ಸ, ಟಮಾಟಿ ಒಂದ ವಾರ, ಬದನಿ ಒಂದ ವಾರದಿಂದ 10 ದಿವ್ಸ, ಮೆಣಸಿನಕಾಯಿ ಎರಡ ವಾರ ತನಕ ಕಾಯ್ರಿ. 7 ಮೊಳತ್ರ ಚಲೋ ಬೀಜ. 4-5 ಮೊಳತ್ರ ಎರಡಪಟ್ಟು ಹಾಕ್ರಿ. ಎರಡೋ ಮೂರೋ ಬಂದ್ರ ಅದಕ್ಕ ಜಾಗ, ಗೊಬ್ಬರ ಕೊಡೋದು ಬ್ಯಾಡ.

ಹಂಗಾಮದ್ದು ಒಂದು ಮಾತು ಹೇಳ್ತೀನಿ, ಇದರಾಗ ನಮ್ಮ ಹಿರ್ಯಾರ ಲೆಕ್ಕ ಈಗೂ ತಪ್ಪಂಗಿಲ್ಲ. ಮಿರಗ ಅಂದ್ರ ಜೂನ್ 8ರ ಸುಮಾರು ಕೂಡೋದು, ಆಮ್ಯಾಲ ಆರಿದ್ರಾ ಜೂನ್ 22ರಿಂದ ಜುಲೈ ಮೊದಲ ವಾರದ ತನಕ. ಈ ಎರಡ ಮಳಿ ನಡುವ ಬೆಂಡಿ, ಚವಳಿ, ಹೀರಿ, ಹಾಗಲ, ಪಡವಲ, ಸೌತಿ ನೆಲಕ್ಕ ಹಾಕ್ರಿ, ಬದನಿ ಮೆಣಸಿನಕಾಯಿ ಅಗಿ (ಸಸಿ ಮಾಡಾಕ ಬೀಜ) ಹಾಕ್ರಿ. ನಮ್ಮವ್ವ ಮುಂಡರಗಿ ಕಡೆಯಾಕಿ, ಮಣ್ಣೆತ್ತಿನ ಅಮಾಸಿ ಒಳಗ ಬಳ್ಳಿ ಬೀಜ ನೆಲದಾಗ ಇರಬೇಕು ಅಂತಿದ್ಲು, ಯಾಕಂದ್ರ ಆಮ್ಯಾಲ ಜಡಿ ಮಳಿ ಹಿಡಿತೈತಿ, ಬಿಸಲು ಇರಂಗಿಲ್ಲ, ಬೀಜ ಕೊಳಿತಾವು. ದಸರಾ ಮುಗಿದು ಸೀಗಿ ಹುಣ್ಣಿಮಿ ಹೊತ್ತಿಗೆ, ಅಂದ್ರ ಅಕ್ಟೋಬರದಾಗ, ಎರಡನೇ ಹಂಗಾಮ: ಟಮಾಟಿ, ಮೆಂತೆ, ಕೊತ್ತಂಬರಿ, ಪಾಲಕ, ಸಬ್ಬಸಗಿ, ಮೂಲಂಗಿ, ಗಜ್ಜರಿ. ಟಮಾಟಿ ಮಳಿಗಾಲದಾಗನೂ ಬರತೈತಿ ಅಂತ ಕೆಲವರು ಅಂತಾರ, ಬರತೈತಿ, ಆದ್ರ ಎಲಿಗೆ ರೋಗ ಭಾಳ, ನನ್ನ ಅನುಭವದಾಗ ಹಿಂಗಾರಿಗೆ ಹಚ್ಚಿದ್ದ ಚಲೋ. ಮೂರನೇದು ಫೆಬ್ರುವರಿ, ಬೆಂಡಿ, ಚವಳಿ, ಸೌತಿ, ರಾಜಗಿರಿ. ಏಪ್ರಿಲ್ ಮೇ ಬಿಸಲಿಗೆ ಟಮಾಟಿ ಹೂವು ಬಿಟ್ರೂ ಉದುರತಾವು, 35 ಡಿಗ್ರಿ ದಾಟಿದ್ರ ಪರಾಗ ಕೆಲಸ ಮಾಡಂಗಿಲ್ಲ, ಗೊಬ್ಬರ ಹಾಕಿ ಉಪಯೋಗ ಇಲ್ಲ. ಕೊತ್ತಂಬರಿ ಬ್ಯಾಸಗಿಯಾಗ ಹಾಕಿದ್ರ ಪಲ್ಲೆ ಆಗೋಕಿಂತ ಮೊದ್ಲ ಹೂವಿಗೆ ಹೋಗಿಬಿಡತೈತಿ.

ಬೀಜ ಎರಡ ಜಾತಿ ಅಂತ ತಿಳ್ಕೋರಿ. ಒಂದು, ಸಸಿ ಮಾಡಿ ಹಚ್ಚೋವು: ಟಮಾಟಿ, ಬದನಿ, ಮೆಣಸಿನಕಾಯಿ, ಕೋಬಿ, ಉಳ್ಳಾಗಡ್ಡಿ. ಇನ್ನೊಂದು, ಬೇರು ಮುಟ್ಟಿದ್ರ ಮುನಿಸಿಕೊಳ್ಳೋವು: ಬೆಂಡಿ, ಚವಳಿ, ಮೂಲಂಗಿ, ಗಜ್ಜರಿ, ತಪ್ಪಲ ಪಲ್ಲೆ ಎಲ್ಲಾ, ಇವನ್ನ ಬೆಳಿಯೋ ಜಾಗದಾಗ ನೇರ ಹಾಕಬೇಕು. ಹೀರಿ, ಹಾಗಲ, ಸೌತಿ ನಡುವಿನವು, ನೇರ ಹಾಕಿದ್ರ ಉತ್ತಮ, ಇಲ್ಲಾ ಹಾಲಿನ ಪಾಕೀಟಿನಾಗ ಒಂದೊಂದ ಹಾಕಿ ಬೇರು ಅಲಗದಂಗ ಮಣ್ಣ ಸಮೇತ ಇಳಸಬೇಕು.

ಸಸಿ ಮಾಡಾಕ ಟ್ರೇನ ಬೇಕಂತಿಲ್ಲ. ಅರ್ಧಾ ಲೀಟರ್ ನಂದಿನಿ ಹಾಲಿನ ಪಾಕೀಟ ತೊಳದು ಕೆಳಗಿನ ಎರಡೂ ಮೂಲಿ ಕತ್ತರಿಸ್ರಿ, ಮೊಸರಿನ ಡಬ್ಬಿ ಇದ್ರ ತಳಕ್ಕ 4 ತೂತು ಹಾಕ್ರಿ. ತುಂಬಾಕ ಮೂರು ಸಾಮಾನು: ಒಂದು ಪಾಲು ಮಸಾರಿ (ಕೆಂಪು) ಮಣ್ಣು, ಒಂದು ಪಾಲು ಪೂರಾ ಕಳಿತ ತಿಪ್ಪಿ ಗೊಬ್ಬರ ಇಲ್ಲಾ ಎರೆಹುಳ ಗೊಬ್ಬರ, ಒಂದು ಪಾಲು ಕೊಕೊಪೀಟ್, ಅಂದ್ರ ತೆಂಗಿನ ನಾರಿನ ಪುಡಿ. ಕೊಕೊಪೀಟ್ ಇಟ್ಟಂಗಿ ತಂದ್ರ ನೀರಾಗ ನೆನಸಿ ಹಿಂಡಿ, ಮತ್ತೊಮ್ಮೆ ಹೊಸಾ ನೀರಾಗ ನೆನಸಿ ಹಿಂಡ್ರಿ, ಅದರಾಗ ಉಪ್ಪಿನ ಅಂಶ ಇರತೈತಿ. ಗೊಬ್ಬರ ಕಳತದ್ದು ಹೌದೋ ಅಲ್ಲೋ ಅಂತ ನೋಡಾಕ ಮುಷ್ಟಿಯಾಗ ಹಿಡದು ಮೂಸಿ ನೋಡ್ರಿ, ಮಳಿ ಬಿದ್ದ ಮಣ್ಣಿನ ವಾಸನಿ ಬಂದ್ರ ತಯಾರ, ಸಗಣಿ ವಾಸನಿ ಬಂದ್ರ ಇನ್ನೂ ಎರಡ ತಿಂಗಳ ಬಿಡ್ರಿ. ಹಸಿ ಸಗಣಿ ಗೊಬ್ಬರದ ಕಾವಿಗೆ ಎಳಿ ಬೇರು ಸುಡತಾವು, ಗೊಣ್ಣಿ ಹುಳನೂ ಅದರಾಗ ಬರತಾವು. ಈ ಮಿಶ್ರಣಕ್ಕ ಒಂದು ಬುಟ್ಟಿಗೆ ಒಂದು ಚಮಚ ಟ್ರೈಕೋಡರ್ಮಾ ಪುಡಿ ಕಲಸಿ ಇಡ್ರಿ, ಅದು ಒಳ್ಳೇ ಬೂಷ್ಟು, ಕೆಟ್ಟ ಬೂಷ್ಟಿಗೆ ಜಾಗ ಬಿಡಂಗಿಲ್ಲ, ಕೃಷಿ ವಿಶ್ವವಿದ್ಯಾಲಯದಾಗೂ ಗೊಬ್ಬರದ ಅಂಗಡಿಯಾಗೂ ಸಿಗತೈತಿ.

ಎಷ್ಟು ಆಳಕ್ಕ ಹಾಕಬೇಕು ಅನ್ನೋದರಾಗ ಭಾಳ ಮಂದಿ ಸೋಲತಾರ. ಬೀಜ ಎಷ್ಟು ದಪ್ಪ ಐತಿ ಅದರ ಎರಡರಿಂದ ಮೂರಪಟ್ಟು ಮಣ್ಣು ಮ್ಯಾಲ ಇರಬೇಕು, ಅಷ್ಟ. ಟಮಾಟಿ, ಬದನಿ, ಮೆಣಸಿನ ಬೀಜಕ್ಕ ಅರ್ಧಾ ಸೆಂಟಿಮೀಟರ್, ಬೆಂಡಿ, ಹೀರಿಗೆ 2 ಸೆಂಟಿಮೀಟರ್, ಅಂದ್ರ ತೋರಬೆರಳಿನ ಮೊದಲ ಗೆಣ್ಣಿನಷ್ಟು. ಪಾಲಕ, ಕೊತ್ತಂಬರಿ ಒಂದ ಸೆಂಟಿಮೀಟರ್. ರಾಜಗಿರಿ ಬೀಜ ಸಾಸಿವಿಗಿಂತ ಸಣ್ಣದು, ಅದನ್ನ ಹಿಡಿ ಉಸುಕಿನ ಜೋಡಿ ಕಲಸಿ ಉಗ್ಗಿ ಮ್ಯಾಲ ಕೈ ಆಡಿಸಿದ್ರ ಸಾಕು, ಹೂಳಬ್ಯಾಡ್ರಿ. ಆಳಕ್ಕ ಹೋದ ಸಣ್ಣ ಬೀಜದ ಹೊಟ್ಟ್ಯಾಗ ಇರೋ ಬುತ್ತಿ ಬೆಳಕು ಕಾಣೋದರೊಳಗ ಮುಗದು ಹೋಗತೈತಿ.

ನೆನಸೋದು ಎಲ್ಲಾಕ್ಕೂ ಬ್ಯಾಡ. ಬೆಂಡಿ ಬೀಜ ರಾತ್ರಿ ಉಗುರು ಬಿಸಿ ನೀರಾಗ ಹಾಕಿ ಮುಂಜಾನೆ ತಗೀರಿ, ಎರಡ ದಿವ್ಸ ಮೊದ್ಲ ಏಳತಾವು. ಹಾಗಲ, ಪಡವಲದ ಸಿಪ್ಪಿ ಗಟ್ಟಿ, ಅವನ್ನೂ ರಾತ್ರಿ ನೆನಸಿ ಆಮ್ಯಾಲ ಹಸಿ ಅರಬಿಯಾಗ ಕಟ್ಟಿ ಇಟ್ರ ಮೂಗು ಬಿಡತಾವು, ಮೂಗು ಬಿಟ್ಟದ್ದನ್ನ ಆರಿಸಿ ಹಾಕ್ರಿ. ಚವಳಿ, ಅವರಿ, ಅಲಸಂದಿ ಭಾಳ ಹೊತ್ತು ನೆನಸಿದ್ರ ಬ್ಯಾಳಿ ಒಡದು ಕೊಳಿತಾವು, ಅವನ್ನ ಒಣ ಬೀಜನ ಹಾಕ್ರಿ. ಕೊತ್ತಂಬರಿ ಬೀಜ ಅಂತ ನಾವು ಅನ್ನೋದು ಖರೆ ಅಂದ್ರ ಎರಡ ಬೀಜ ಕೂಡಿದ ಕಾಯಿ, ಅಂಗೈಯಾಗೋ ಲಟ್ಟಣಗಿಯಿಂದನೋ ಮೆಲ್ಲಕ ತಿಕ್ಕಿ ಎರಡ ಹೋಳು ಮಾಡಿ ಹಾಕ್ರಿ, 8ರಿಂದ 12 ದಿವ್ಸ ಹಿಡಿತೈತಿ, ಮೆಂತೆ ಹಂಗ 3 ದಿವ್ಸಕ್ಕ ಏಳಂಗಿಲ್ಲ, ಗಾಬರಿ ಆಗಿ ನೀರು ಹಾಕಬ್ಯಾಡ್ರಿ.

ನೀರಿನ ಮಾತಿಗೆ ಬಂದೆ. ಬೀಜ ಹಾಕೋಕಿಂತ ಮೊದ್ಲ ಪಾಕೀಟಿನ ಮಣ್ಣು ಪೂರಾ ತೋಯಿಸಿ ಒಂದ ತಾಸು ಬಿಟ್ಟು ಕೆಳಗ ಇಳಿಯೋ ನೀರು ಇಳಿಯಲಿ, ಆಮ್ಯಾಲ ಬೀಜ ಹಾಕಿ, ಮ್ಯಾಲ ಪುಡಿ ಮಣ್ಣು ಉದರಿಸಿ, ಒದ್ದಿ ಗೋಣಿಚೀಲ ಇಲ್ಲಾ ಹಳೇ ಅರಬಿ ಹೊಚ್ಚಿ ನೆರಳಾಗ ಇಡ್ರಿ. ತಂಬಗಿಯಿಂದ ಸುರಿಯೋದು ಬಿಟ್ಟಬಿಡ್ರಿ, ಬೀಜ ಕಿತ್ತು ಒಂದ ಮೂಲಿಗೆ ಹೋಗಿ ಕೂಡತಾವು. ಬಾಟಲಿ ಮುಚ್ಚಳಕ್ಕ ಸೂಜಿ ಕಾಯಿಸಿ 15-20 ತೂತು ಹಾಕಿದ್ರ ಝಾರಿ ಆತು. ಹಾಕಬೇಕೋ ಬ್ಯಾಡೋ ಅಂತ ಬೆರಳು ಹೇಳತೈತಿ, ಮಣ್ಣಾಗ ಬೆರಳು ಚುಚ್ಚಿ ತಗದಾಗ ಮಣ್ಣು ಅಂಟಿಕೊಂಡು ಬಂದ್ರ ಇವತ್ತು ನೀರು ಬ್ಯಾಡ, ಒಣ ಪುಡಿ ಬಂದ್ರ ಹಾಕ್ರಿ. ನಮ್ಮ ಊರಾಗ ನಳ ದಿನಾ ಬರಂಗಿಲ್ಲ, ಬರೋ ದಿವ್ಸ ಬ್ಯಾರಲ್ ತುಂಬಿಸಿ ಇಟ್ಕೋಬೇಕು, ಆದ್ರ ನಳ ಬಂತು ಅಂತ ಅವತ್ತ ಎಲ್ಲಾ ಸಸಿಗೆ ಜಾಸ್ತಿ ಕುಡಿಸೋದು ಮಾತ್ರ ಮಾಡಬ್ಯಾಡ್ರಿ, ಈ ತಪ್ಪು ನಾನು ಎರಡ ವರ್ಷ ಮಾಡೀನಿ. ಅಕ್ಕಿ, ಬ್ಯಾಳಿ ತೊಳದ ನೀರು ದೊಡ್ಡ ಗಿಡಕ್ಕ ಚಲೋ, ಬೀಜಕ್ಕ ಹಾಕಬ್ಯಾಡ್ರಿ, ಮ್ಯಾಲ ಬೂಷ್ಟು ಹಿಡಿತೈತಿ.

ಮೊದಲ ಮೊಳಕೆ ತಲಿ ಎತ್ತಿದ ದಿವ್ಸನ ಅರಬಿ ತಗದಬಿಡ್ರಿ. ನಾಳೆ ತಗದ್ರಾತು ಅಂತ ಬಿಟ್ರ ಬೆಳಕು ಹುಡುಕಿಕೊಂಡು ಸಸಿ ದಾರದಂಗ ಉದ್ದಾಗಿ ಬೆಳ್ಳಗಾಗತಾವು, ಹಂಗ ಆದ ಸಸಿ ಮುಂದ ಎಂದೂ ಗಟ್ಟಿ ಆಗಂಗಿಲ್ಲ. ಮುಂಜಾನೆ 9ರ ತನಕ ಎಳಿ ಬಿಸಲು ಬೀಳೋ ಜಾಗದಾಗ ಇಟ್ಟು, ದಿನಾ ಒಂದ ಸ್ವಲ್ಪ ಬಿಸಲು ಏರಿಸ್ರಿ. ಪಡಸಾಲಿ ಕಿಡಕಿ ಬೆಳಕು ನಮ್ಮ ಕಣ್ಣಿಗೆ ಸಾಕಾಗತೈತಿ, ಸಸಿಗೆ ಸಾಲಂಗಿಲ್ಲ.

ಇದ ಹೊತ್ತಿನಾಗ ಬರೋ ದೊಡ್ಡ ರೋಗ ಅಂದ್ರ ಸಸಿ ಬುಡ ಕೊಳಿಯೋದು. ರಾತ್ರಿ ಚಲೋ ಇದ್ದ ಸಸಿ ಮುಂಜಾನೆ ಯಾರೋ ದಾರ ಕಟ್ಟಿ ಜಗ್ಗಿದಂಗ ಬುಡ ಸಣ್ಣಾಗಿ ಮಕ್ಕೊಂಡಿರತಾವು. ಪಿಥಿಯಂ ಅಂತ ಒಂದು ಬೂಷ್ಟು ಮಣ್ಣಾಗ ಇರತೈತಿ, ನೀರು ನಿಂತು, ಗಾಳಿ ಆಡದ, ಸಸಿ ಒತ್ತೊತ್ತಾಗಿ ಇದ್ದಲ್ಲಿ ಅದು ಹಬ್ಬತೈತಿ. ಮಕ್ಕೊಂಡ ಸಸಿ ಉಳಿಯಂಗಿಲ್ಲ, ಅದನ್ನೂ ಅದರ ಬಾಜೂಕಿನ ಮಣ್ಣನ್ನೂ ಚಮಚದಿಂದ ತಗದು ಹೊರಗ ಹಾಕ್ರಿ, ಉಳದದ್ದಕ್ಕ ಎರಡ ದಿವ್ಸ ನೀರು ಬಂದ್ ಮಾಡ್ರಿ, ಗಾಳಿ ಆಡೋ ಜಾಗಕ್ಕ ಸರಿಸ್ರಿ. ಜಡಿ ಮಳ್ಯಾಗ ಪಾಕೀಟ ಎಲ್ಲಾ ಮಾಡದ ಕೆಳಗ ಒಯ್ದು ಇಡ್ರಿ, ನಾಕೈದು ದಿವ್ಸ ಬಿಸಲು ಇಲ್ಲದ ಇದ್ರೂ ಸಸಿ ತಡಿತಾವು, ನಾಕೈದು ದಿವ್ಸ ನೀರಾಗ ನಿಂತ್ರ ತಡಿಯಂಗಿಲ್ಲ.

ಒಂದ ಪಾಕೀಟಿನಾಗ ಮೂರು ಬೀಜ ಹಾಕಿ ಮೂರೂ ಎದ್ರ ಒಂದು ಬಿಟ್ಟು ಎರಡನ್ನ ತಗೀಬೇಕು. ಭಾಳ ಮಂದಿಗೆ ಇದಕ್ಕ ಮನಸ್ಸು ಬರಂಗಿಲ್ಲ, ನನಗೂ ಮೊದ್ಲು ಬರತಿದ್ದಿಲ್ಲ. ಕಿತ್ರ ಬಾಜೂಕಿಂದರ ಬೇರೂ ಎದ್ದು ಬರತೈತಿ, ಹಂಗಾಗಿ ಸಣ್ಣ ಕತ್ತರಿಯಿಂದ ಮಣ್ಣಿನ ಮಟ್ಟಕ್ಕ ಕತ್ತರಿಸ್ರಿ. ಮೆಂತೆ, ರಾಜಗಿರಿ ಆದ್ರ ತಗದ ಎಳಿ ಸಸಿನ ಹೆಸರಬ್ಯಾಳಿಗೆ ಹಾಕಿ ಪಲ್ಲೆ ಮಾಡಬಹುದು, ರೊಟ್ಟಿ ಜೋಡಿ ಅದರ ರುಚಿನ ಬ್ಯಾರೆ.

ಮೊದ್ಲು ಬರೋ ಎರಡ ಎಲಿ ಖರೇ ಎಲಿ ಅಲ್ಲ, ಬೀಜದ ದಳ. ಅವು ಬಿಟ್ಟು 4-5 ಎಲಿ ಬಂದ ಮ್ಯಾಲ ಹಚ್ಚೋ ಹೊತ್ತು: ಟಮಾಟಿ 25ರಿಂದ 30 ದಿವ್ಸ, ಬದನಿ 30-35, ಮೆಣಸಿನಕಾಯಿ 35ರಿಂದ 45. ಬ್ಯಾಡಗಿ ಮೆಣಸಿನಕಾಯಿ ಮನಿಯಾಗ ಬರತೈತಾ ಅಂತ ಕೇಳ್ತಾರ, ಬರತೈತ್ರಿ. ಡಬ್ಬಿ, ಕಡ್ಡಿ ಅಂತ ಎರಡ ಅದಾವು, ಕಡ್ಡಿ ಉದ್ದಂದು ಸುಕ್ಕ ಸುಕ್ಕಾಗಿರತೈತಿ, ಡಬ್ಬಿ ಗಿಡ್ಡ, ದಪ್ಪ. ಅಂಗಡಿಯಿಂದ ತಂದ ಒಣ ಮೆಣಸಿನಕಾಯಿ ಬೀಜನೂ ಮೊಳಿತಾವು, ಆದ್ರ ಭಾಳ ಹಳೇದು ಇರಬಾರ್ದು, ಹುರದದ್ದು ಇರಬಾರ್ದು, ಅದಕ್ಕ ಅರಬಿ ಪರೀಕ್ಷೆ ಮಾಡೇ ಹಾಕ್ರಿ. 2011ರಾಗ ಈ ಮೆಣಸಿನಕಾಯಿಗೆ ಭೌಗೋಳಿಕ ಸೂಚಕ (ಜಿಐ), ಅಂದ್ರ ಇದು ಈ ಭಾಗದ್ದ ಅನ್ನೋ ಗುರ್ತು, ಸಿಕ್ಕೈತಿ. ಜುಲೈದಾಗ ಹಚ್ಚಿದ್ರ ಸಂಕ್ರಾಂತಿ ಆಜೂಬಾಜೂ ಗಿಡದ ಮ್ಯಾಲ ಕೆಂಪಾಗತಾವು, ಖಾರ ಕಡಿಮಿ, ಬಣ್ಣ ಭಾಳ, 10 ಗಿಡ ಇದ್ರ ಮನಿ ಮಂದಿ ಸಾರಿಗೆ ಬಣ್ಣಕ್ಕ ಸ್ವಲ್ಪ ದಿವ್ಸ ಹೊರಗಿಂದ ತರೋದು ತಪ್ಪತೈತಿ.

ಹಚ್ಚೋ ಒಂದ ವಾರ ಮೊದ್ಲ ನೀರು ಕಡಿಮಿ ಮಾಡಿ ಪೂರಾ ಬಿಸಲಿಗೆ ರೂಢಿ ಮಾಡಿಸ್ರಿ. ಎರಿ ಮಣ್ಣಿನಾಗ ಸಪಾಟ ಹಚ್ಚಬ್ಯಾಡ್ರಿ, ಅರ್ಧಾ ಫೂಟು ಎತ್ತರದ ಮಡಿ ಮಾಡ್ರಿ, ಮಡಿ 3 ಫೂಟಿಗಿಂತ ಅಗಲ ಬ್ಯಾಡ, ಎರಡೂ ಕಡಿಂದ ಕೈ ನಡುವ ಮುಟ್ಟಬೇಕು, ಮಡಿ ಮ್ಯಾಲ ಕಾಲು ಇಡಬಾರ್ದು. ಮಣ್ಣು ಕೆಲಸ ಮಾಡೋ ಹದಾನೂ ಐತಿ, ಒಣಗಿದ್ರ ಗುದ್ದಲಿ ಕಲ್ಲಿಗೆ ಬಡದಂಗ ಆಗತೈತಿ, ತೋಯ್ದಾಗ ಅಗದ್ರ ಗಟ್ಟಿ ಹೆಂಟಿ ಆಗಿ ಕೂಡತೈತಿ, ಮಳಿ ಬಂದು ಎರಡ ಮೂರು ದಿವ್ಸಕ್ಕ ಮಣ್ಣು ಕೈಯಾಗ ಹಿಡದ್ರ ಉಂಡಿ ಆಗಿ, ಬೆರಳಿಂದ ಒತ್ತಿದ್ರ ಪುಡಿ ಆಗೋ ಹೊತ್ತಿಗೆ ಅಗೀಬೇಕು. ಪ್ರತಿ ಚದರ ಫೂಟಿಗೆ ಎರಡ ಬೊಗಸಿ ತಿಪ್ಪಿ ಗೊಬ್ಬರ ಕೂಡಿಸ್ರಿ, ವರ್ಷಾ ವರ್ಷಾ ಕೂಡಿಸಿಕೋತ ಹೋದ್ರ ಎರಿ ಮಣ್ಣು ಸಡ್ಲ ಆಗತೈತಿ, ನಮ್ಮ ಹಿತ್ತಲದಾಗ ಆರನೇ ವರ್ಷಕ್ಕ ಮೆಂತೆ ನೇರ ನೆಲಕ್ಕ ಹಾಕಿದ್ರೂ ಏಳಾಕ ಹತ್ಯಾವ. ಬರೇ ಉಸುಕು ಹಾಕಿ ಸಡ್ಲ ಮಾಡಾಕ ಹೋಗಬ್ಯಾಡ್ರಿ, ಸ್ವಲ್ಪ ಉಸುಕಿಗೆ ಅದು ಬಗ್ಗಂಗಿಲ್ಲ.

ಸಂಜಿ 5ರ ಮ್ಯಾಲ ಹಚ್ರಿ, ರಾತ್ರಿ ತಂಪಿನಾಗ ಬೇರು ಹಿಡಕೋತಾವು. ಟಮಾಟಿ ಸಸಿನ ಕೆಳಗಿನ ಎಲಿ ಚಿವುಟಿ ಕಾಂಡದ ಅರ್ಧಾ ತನಕ ಹೂಳ್ರಿ, ಕಾಂಡದಿಂದನೂ ಬೇರು ಒಡಿತಾವು. ಬದನಿ, ಮೆಣಸಿನಕಾಯಿ ಮೊದ್ಲು ಎಷ್ಟು ಆಳ ಇದ್ವೋ ಅಷ್ಟ. ಟಮಾಟಿ, ಬದನಿಗೆ ಎರಡ ಫೂಟು ಅಂತರ ಬಿಡ್ರಿ, ಮೆಣಸಿನಕಾಯಿಗೆ ಒಂದೂವರಿ, ಬೆಂಡಿಗೆ ಒಂದ ಫೂಟು. ಸಸಿ ಸಣ್ಣಾವ ಅಂತ ಹತ್ತರ ಹತ್ತರ ಹಚ್ಚಿದ್ರ ಮುಂದ ಗಾಳಿ ಆಡದ ಹುಳ ಹೊಕ್ಕೋತಾವು. ಬುಡಕ್ಕ ಒಣಗಿದ ಎಲಿ, ಕಬ್ಬಿನ ರವದಿ ಸಿಕ್ರ ಅದು, ಹೊಚ್ಚಿ ಇಡ್ರಿ, ಬಿರಕ ಬಿಡೋದು ಕಡಿಮಿ ಆಗತೈತಿ, ಕಾಂಡಕ್ಕ ಮಾತ್ರ ತಾಗಬಾರ್ದು.

ಬಳ್ಳಿ ಕಾಯಿಪಲ್ಲೆದಾಗ ಒಂದು ಪ್ರಶ್ನೆ ಎಲ್ಲಾರೂ ಕೇಳೋದು, ಹೂವು ಭಾಳ ಬಿಡತಾವು ಕಾಯಿ ಯಾಕ ಆಗಂಗಿಲ್ಲ ಅಂತ. ಮೊದಲ ಒಂದ ಎರಡ ವಾರ ಬರೋವು ಎಲ್ಲಾ ಗಂಡು ಹೂವು, ಅವು ಉದುರೋದ. ಹೆಣ್ಣು ಹೂವಿನ ಹಿಂದ ಸಣ್ಣ ಕಾಯಿ ಆಕಾರ ಇರತೈತಿ. ಅದೂ ಹಳದಿ ಆಗಿ ಉದುರಿದ್ರ ಜೇನ ಹುಳ ಬರವಲ್ಲವು ಅಂತ ಅರ್ಥ, ನೀವ ಗಂಡು ಹೂವು ಕಿತ್ತು ಪಕಳಿ ಬಿಡಿಸಿ ಹೆಣ್ಣು ಹೂವಿನ ನಡುವ ಮೆಲ್ಲಕ ಮುಟ್ಟಿಸ್ರಿ. ಹಾಗಲ, ಸೌತಿಗೆ ಮುಂಜಾನೆ ಮಾಡಬೇಕು, ಹೀರಿ ಹೂವು ಮಾತ್ರ ಸಂಜಿಕ ಅರಳೋದು, ಅದಕ್ಕ ದೀಪ ಹಚ್ಚೋ ಹೊತ್ತಿಗೆ ಹೋಗಬೇಕು. ಇದು ಗೊತ್ತಿಲ್ಲದ ನಾನು ಒಂದು ಹಂಗಾಮ ಪೂರಾ ಮುಂಜಾನೆ ಬಾಡಿದ ಹೀರಿ ಹೂವು ಹಿಡಕೊಂಡು ತಿಕ್ಕೀನಿ.

ಹುಳದ್ದು ಚುಟುಕಾಗಿ ಹೇಳ್ತೀನಿ. ಬೆಂಡಿ ಎಲಿ ನರ ಹಳದಿ ಆದ್ರ ಅದು ಬಿಳಿ ನೊಣ ತರೋ ನಂಜು, ಆ ಗಿಡ ಕಿತ್ತು ಒಗೀರಿ, ಔಷಧ ಇಲ್ಲ. ಹೇನು, ಬಿಳಿ ನೊಣಕ್ಕ ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣಿ, ಕಲಿಯಾಕ ನಾಕ ಹನಿ ಸಾಬೂನು ನೀರು, ವಾರಕ್ಕೊಮ್ಮೆ ಸಂಜಿಕ ಎಲಿ ಕೆಳಗ ಬೀಳುವಂಗ ಹೊಡೀರಿ, ಬಿಸಲಾಗ ಹೊಡದ್ರ ಎಲಿ ಸುಡತಾವು. ಸೌತಿ, ಹೀರಿ ಎಳಿ ಸಸಿಗೆ ಕೆಂಪು ದುಂಬಿ ಬಂದು ಜರಡಿ ಮಾಡತಾವು, ಮುಂಜಾನೆ ಇಬ್ಬನಿ ಆರೋದರೊಳಗ ಒಲಿ ಬೂದಿ ಉದರಿಸ್ರಿ, ಆಗ ಅವು ಮಂದ ಇರತಾವು, ಕೈಲೆ ಹಿಡೀಬಹುದು. ಬದನಿ ತುದಿ ಬಾಡಿ ಜೋತು ಬಿದ್ರ ಒಳಗ ಹುಳ ಐತಿ ಅಂತ, ಆ ತುದಿ ಕತ್ತರಿಸಿ ಸುಡ್ರಿ, ಗಿಡದ ಕೆಳಗ ಬಿಡಬ್ಯಾಡ್ರಿ.

ಬೀಜ ಉಳಿಸೋದು ಕಲಿಯೋ ತನಕ ಈ ಕೆಲಸ ಅರ್ಧಾ ಅಂತ ನನಗ ಅನಸತೈತಿ. ನಮ್ಮವ್ವ ಹೀರಿ, ಸೌತಿ, ಕುಂಬಳ ಬೀಜಾನ ಹಸಿ ಸಗಣಿಯಾಗ ಒತ್ತಿ ಗ್ವಾಡಿಗೆ ತಟ್ಟಿ ಬಿಡತಿದ್ಲು, ಮಳಿಗಾಲದ ತನಕ ಅಲ್ಲೇ ಇರತಿದ್ವು, ಒಂದೂ ಹುಳಾ ಹಿಡಿತಿದ್ದಿಲ್ಲ, ಹಾಕೋ ದಿವ್ಸ ಕುರುಳು ಕಿತ್ತು ಮುರದು ಹಂಗ ನೆಲಕ್ಕ. ನಮಗ ಅಂಥ ಮಣ್ಣಿನ ಗ್ವಾಡಿ ಇಲ್ಲ, ಡಬ್ಬಿ ಅದಾವು. ಒಂದು ಗಿಡ ಅಗದಿ ಚಲೋ ಐತಿ, ರೋಗ ಇಲ್ಲ ಅನಿಸಿದ್ದಕ್ಕ ಕೆಂಪು ದಾರ ಕಟ್ರಿ, ಮನ್ಯಾಗಿನವರಿಗೂ ಹೇಳ್ರಿ, ಅದರ ಎರಡನೇ ಮೂರನೇ ಕಾಯಿ ಯಾರೂ ಕೀಳಬಾರ್ದು. ಬೆಂಡಿ ಗಿಡದ ಮ್ಯಾಲ ಒಣಗಿ ಬಿರಿಯೋ ತನಕ ಬಿಡ್ರಿ. ಬದನಿ ಹಳದಿ ಆಗಿ ಮೆತ್ತಗಾಗಬೇಕು, ಪಲ್ಲೆ ಮಾಡೋ ಬದನಿಕಾಯಿ ಬೀಜ ಎಳೇವು, ಮೊಳಿಯಂಗಿಲ್ಲ. ಟಮಾಟಿ ಹಣ್ಣಿನ ಬೀಜದ ಸುತ್ತ ಲೋಳಿ ಇರತೈತಿ, ಅದು ಇರೋ ತನಕ ಬರೊಬ್ಬರಿ ಮೊಳಿಯಂಗಿಲ್ಲ, ಗ್ಲಾಸಿನಾಗ ಹಿಂಡಿ ಸ್ವಲ್ಪ ನೀರು ಹಾಕಿ ಎರಡ ದಿವ್ಸ ಬಿಟ್ರ ಹುಳಿ ಬಂದು ಲೋಳಿ ಬಿಡತೈತಿ, ಕೆಳಗ ಕೂತ ಬೀಜ ತೊಳದು ತಾಟಿನಾಗ ನೆರಳಾಗ ಒಣಗಿಸ್ರಿ, ಕಾಗದದ ಮ್ಯಾಲ ಹಾಕಿದ್ರ ಅಂಟತಾವು. ಮೆಣಸಿನಕಾಯಿ ಬಾಜೂಕ ಬ್ಯಾರೆ ಜಾತಿ ಮೆಣಸಿನಕಾಯಿ ಇದ್ರ ಹುಳ ಪರಾಗ ಕಲಸಿಬಿಡತಾವು, ಅದಕ್ಕ ಹೂವು ಅರಳೋಕಿಂತ ಮೊದ್ಲ ಒಂದ ಟೊಂಗಿಗೆ ತೆಳು ಅರಬಿ ಚೀಲ ಕಟ್ಟಿ, ಕಾಯಿ ಹಿಡದ ಮ್ಯಾಲ ಬಿಚ್ಚಿ ಗುರ್ತು ಹಾಕ್ರಿ.

ಒಣಗಿದ ಬೀಜ ಹಲ್ಲಿಂದ ಕಚ್ಚಿದ್ರ ಕಟ್ ಅನಬೇಕು, ಮೆತ್ತಗಿದ್ರ ಇನ್ನೂ ಎರಡ ದಿವ್ಸ. ಬೂದಿ ಇಲ್ಲಾ ಒಣಗಿದ ಬೇವಿನ ಎಲಿ ಜೋಡಿ ಸ್ಟೀಲ್ ಡಬ್ಬಿಯಾಗ, ಒಲಿಯಿಂದ ದೂರ ಇಡ್ರಿ. ಟಮಾಟಿ, ಸೌತಿ ಬೀಜ ನಾಕ ವರ್ಷ ತಡಿತಾವು, ಬದನಿ ಮೂರು, ಮೆಣಸಿನಕಾಯಿ, ಬೆಂಡಿ ಎರಡು, ಉಳ್ಳಾಗಡ್ಡಿ ಬೀಜ ಒಂದ ವರ್ಷಕ್ಕಿಂತ ಮ್ಯಾಲ ನಂಬಬ್ಯಾಡ್ರಿ. ಹೀರಿಕಾಯಿ ಬಳ್ಳಿ ಮ್ಯಾಲನ ಕಂದು ಬಣ್ಣ ಆಗಿ ಅಲಗಾಡಿಸಿದ್ರ ಒಳಗ ಗಿಲಿ ಗಿಲಿ ಅನ್ನೋ ತನಕ ಬಿಟ್ರ, ತುದಿ ಮುಚ್ಚಳ ತಾನ ಬಿಚ್ಚಿ ಬೀಳತೈತಿ, ಕೆಳಮುಖ ಮಾಡಿ ಝಾಡಿಸಿದ್ರ ಕರಿ ಬೀಜ ಪುಟ್ಟಿಗೆ ಉದುರತಾವು, ಉಳದ ನಾರು ಬಚ್ಚಲಕ್ಕ ಮೈ ತಿಕ್ಕಾಕ ಆಗತೈತಿ. ಡಬ್ಬಿ ಮ್ಯಾಲ ಬೀಜದ ಹೆಸರು, ತಗದ ತಿಂಗಳು, ಯಾರ ಮನಿಯಿಂದ ಬಂದದ್ದು ಮೂರೂ ಬರದಿಡ್ರಿ, ನಮ್ಮ ಹೀರಿ ಡಬ್ಬಿ ಮ್ಯಾಲ ಈಗೂ "ಬಾಜೂ ಮನಿ ಅಕ್ಕಾರದು" ಅಂತಾನ ಐತಿ.